ಗಂಡಾಮೆಯ ಸುದ್ದಿ, ಬಾವಿಯ ಜಗಳ

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರಿಕೆ! ಭೂಮಿ ಬಿಸಿಯಾಗುತ್ತಿರುವುದರಿಂದ ಇನ್ನು ಹತ್ತೇ ವರ್ಷಗಳಲ್ಲಿ ಲೋಕದಲ್ಲಿ ಒಂದು ಗಂಡು ಕಡಲಾಮೆಯೂ ಉಳಿಯುವುದಿಲ್ಲ!! ಎಲ್ಲರಿಗೂ ಹಂಚಿ.

ಅತ್ತೆ: ಅಯ್ಯೋ ಪಾಪ.

ಭಾವ: ಇದರ ಮೂಲ ಎಲ್ಲಿದೆ? ಕಳೆದ ವಾರ ಎರಡು ಕಂಬಳಿ ಹೊದ್ದರೂ ನಡುಗುತ್ತಿದ್ದೆವು. ಬಿರುಗಾಳಿ ಬರುತ್ತದೆ ಎಂದು ಹಿಂದೊಮ್ಮೆ ನೀವೇ ಕಳುಹಿಸಿದ್ದಿರಿ. ನಂಬಿ ಟಿಕೆಟ್ ರದ್ದು ಮಾಡಿ ಹಣ ಕಳೆದುಕೊಂಡವನು ನಾನು.

ಚಿಕ್ಕಪ್ಪ: ಅದನ್ನು ಕಳುಹಿಸಿದ್ದು ನಾನಲ್ಲ.

ದೊಡ್ಡಪ್ಪ: ಯಾರು ಕಳುಹಿಸಿದರೇನು? ಪ್ರಕೃತಿಯನ್ನು ಕೆಣಕಿದರೆ ಅದು ಸುಮ್ಮನಿರುತ್ತದೆಯೇ? ಹಗಲಿರುಳು ಎ.ಸಿ. ಹಾಕಿಕೊಂಡು ಕೂರುವವರಿಗೆ ಎಷ್ಟು ಹೇಳಿದರೂ ಅಷ್ಟೇ.

ಅಕ್ಕ: ಆಮೆ ಎಂದಾಗ ಅಜ್ಜಿಯ ಮನೆಯ ಬಾವಿ ನೆನಪಾಯಿತು. ಕೊಡ ನೀರಿಗೆ ತಾಗಿದ ಕೂಡಲೇ ಆ ಆಮೆ ಮೇಲೆ ಬಂದು ಕತ್ತು ಚಾಚುತ್ತಿತ್ತು.

ಅತ್ತೆ: ಆ ಬಾವಿಯನ್ನು ಮುಚ್ಚಿಸಿದವರು ಇದೇ ಗುಂಪಿನಲ್ಲಿದ್ದಾರೆ.

ಚಿಕ್ಕಪ್ಪ: ನೀರು ಬತ್ತಿತ್ತು. ಮಕ್ಕಳು ಬಿದ್ದಾರೆಂದು ಮುಚ್ಚಿಸಿದೆ. ಎಲ್ಲರನ್ನೂ ಕೇಳಿಯೇ.

ಅತ್ತೆ: ನನ್ನನ್ನು ಕೇಳಲಿಲ್ಲ.

ನಾನು: ಬಾವಿಯ ಮಾತು ಆಮೇಲೆ ಆಡೋಣ, ದಯವಿಟ್ಟು ಇದನ್ನೊಮ್ಮೆ ಓದಿ. ಹತ್ತು ವರ್ಷದ ಲೆಕ್ಕಕ್ಕೆ ಆಧಾರವಿಲ್ಲ, ಆದರೆ ಸುದ್ದಿಯ ಬುಡ ನಿಜ. ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆ ಹೂತ ಮರಳಿನ ಬಿಸಿಯಿಂದ ತೀರ್ಮಾನವಾಗುತ್ತದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂ ಸರಿಸಮ. ಒಂದೆರಡು ಡಿಗ್ರಿ ಏರಿದರೆ ಬಹುಪಾಲು ಹೆಣ್ಣೇ. ಭಾವ, ಮೂಲ ಕೇಳಿದಿರಲ್ಲ: ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲಿನಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ಅಲ್ಲಿನ ಬೆಚ್ಚನೆಯ ಉತ್ತರದ ತೀರಗಳಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ ಶೇಕಡಾ 99ಕ್ಕೂ ಹೆಚ್ಚು ಹೆಣ್ಣು. ತಂಪಾದ ದಕ್ಷಿಣದವುಗಳಲ್ಲಿ ಶೇಕಡಾ 65ರಿಂದ 69. ಕಂಬಳಿಯ ವಿಷಯವೂ ಅಷ್ಟೇ, ಒಂದು ವಾರದ ಚಳಿ ವಾಯುಗುಣವಲ್ಲ. ಅದಕ್ಕೆ 30 ವರ್ಷಗಳ ಸರಾಸರಿ ನೋಡಬೇಕು.

ಭಾವ: ಅಂದರೆ ಹತ್ತು ವರ್ಷ ಎಂಬುದು ಸುಳ್ಳು ಎಂದು ನೀನೇ ಒಪ್ಪಿಕೊಂಡಂತಾಯಿತು.

ಚಿಕ್ಕಪ್ಪ: ಬುಡ ನಿಜ ಎಂದಿದ್ದಾನೆ. ಅದನ್ನೂ ಓದಿ.

ದೊಡ್ಡಪ್ಪ: ಇಷ್ಟುದ್ದ ಬರೆದರೆ ಯಾರು ಓದುತ್ತಾರಪ್ಪ?

ಅಕ್ಕನ ಮಗಳು: ನಾನು ಓದಿದೆ, ಮಾಮ. ಗೂಡಿಗೆ ನೆರಳು ಮಾಡಿದರೆ ಗಂಡುಮರಿ ಹುಟ್ಟುತ್ತದೆಯೇ?

ನಾನು: ಹುಟ್ಟುತ್ತದೆ ಪುಟ್ಟಿ. ಕೆಲವು ಕಡೆ ಗೂಡಿನ ಮೇಲೆ ಬಟ್ಟೆಯ ಚಪ್ಪರ ಕಟ್ಟುತ್ತಾರೆ, ನೀರು ಚಿಮುಕಿಸಿ ಮರಳನ್ನು ತಣಿಸುತ್ತಾರೆ. ಮೊಟ್ಟೆ ಮರಳಿನೊಳಗಿರುವುದು ಸುಮಾರು ಎರಡು ತಿಂಗಳು. ನಡುವಿನ ಮೂರು ವಾರಗಳ ತಂಪೇ ಮುಖ್ಯ.

ಅತ್ತೆ: ಬಾವಿ ಮುಚ್ಚಿಸಿದಾಗ ಆ ಆಮೆ ಎಲ್ಲಿ ಹೋಯಿತು? ಅದನ್ನು ಮೊದಲು ಹೇಳಿ.

ಚಿಕ್ಕಪ್ಪ: ಒದ್ದೆ ಗೋಣಿಯಲ್ಲಿ ಸುತ್ತಿ, ನಾನೇ ಹೊತ್ತುಕೊಂಡು ಹೋಗಿ ಕೆರೆಗೆ ಬಿಟ್ಟೆ ಅಕ್ಕಾ.