ವ್ಯಾಕರಣ ಎಂಬುದಕ್ಕೆ ಎರಡೂ ಕಡೆ ಒಂದೇ ಅರ್ಥವೇ?

ಪ್ರಶ್ನೆ: ನಾವಾಡುವ ಭಾಷೆಗೂ ಕಂಪ್ಯೂಟರ್ ಭಾಷೆಗೂ ವ್ಯಾಕರಣವಿದೆ ಎನ್ನುತ್ತಾರೆ. ಎರಡೂ ಒಂದೇ ಬಗೆಯದೇ?

ಉತ್ತರ 1: ಮೂಲ ಕಲ್ಪನೆ ಒಂದೇ. 1956ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಅವರು ಮಾನವ ಭಾಷೆಯನ್ನು ವಿವರಿಸಲು ಚರ್ಚಿಸಿದ ವ್ಯಾಕರಣ ಮಾದರಿಗಳಲ್ಲೊಂದಕ್ಕೆ ಸಮಾನವಾದ ನಿಯಮಕ್ರಮವೇ ಮುಂದೆ ಆಲ್ಗಾಲ್ 60 ಎಂಬ ಕಂಪ್ಯೂಟರ್ ಭಾಷೆಯ ವಿವರಣೆಯಲ್ಲಿ ಬಳಕೆಯಾಯಿತು.

ಉತ್ತರ 2: ಆದರೆ ದಿಕ್ಕು ತಿರುವುಮುರುವು. ಜನ ಮೊದಲು ಮಾತನಾಡಿದರು, ವೈಯಾಕರಣರು ಆಮೇಲೆ ನಿಯಮಗಳನ್ನು ಕಂಡುಕೊಂಡರು. ಕಂಪ್ಯೂಟರ್ ಭಾಷೆಯಲ್ಲಾದರೋ ಸಾಮಾನ್ಯವಾಗಿ ನಿಯಮವೇ ಮೊದಲು. ‘ನಾನು ಬಂದನು’ ಎಂದರೂ ಕೇಳುಗರಿಗೆ ಅರ್ಥವಾಗುತ್ತದೆ, ಆದರೆ ಒಂದು ಆವರಣ ಚಿಹ್ನೆ ಬಿಟ್ಟುಹೋದರೂ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಅನುವಾದಿಸುವ ತಂತ್ರಾಂಶ) ಪ್ರೋಗ್ರಾಮನ್ನು ತಿರಸ್ಕರಿಸುತ್ತದೆ.

ಪ್ರಶ್ನೆ ಕೇಳಿದವರು: ವ್ಯಾಕರಣ ಸರಿಯಿದ್ದರೆ ಸಾಕೇ?

ಉತ್ತರ 1: ಸಾಲದು. ‘ಕಲ್ಲು ನಗುತ್ತಾ ಓದಿತು’ ಎಂಬ ವಾಕ್ಯವೂ, ಸೊನ್ನೆಯಿಂದ ಭಾಗಿಸುವ ಆದೇಶವೂ ವ್ಯಾಕರಣಶುದ್ಧವೇ.