ಫ್ರೆಂಚ್ ಕಾರ್ ಮ್ಯಾನ್ಯುಯಲ್ ಇಂಗ್ಲಿಷಿಗೆ: 'ಕಾರ್ದಾಂ' ಅಂದ್ರೆ ಯಾವ ಪಾರ್ಟು?

ಪ್ರಶ್ನೆ: ಹಳೇ ಫ್ರೆಂಚ್ ಕಾರಿನ ರಿಪೇರಿ ಮ್ಯಾನ್ಯುಯಲ್ ಅನುವಾದ ಮಾಡ್ತಿದ್ದೇನೆ. 'ಕಾರ್ದಾಂ' ಅಂದರೆ ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಓರೆಯಾದರೂ ತಿರುಗೋಕೆ ಬಿಡೋ ಕೀಲು) ಅನ್ನುತ್ತೆ ಡಿಕ್ಷನರಿ, ಆದರೆ ಚಿತ್ರದಲ್ಲಿ ಬಾಣದ ಗುರುತು ಗೇರ್‌ಬಾಕ್ಸಿಂದ ಮುಂದಿನ ಚಕ್ರಕ್ಕೆ ಹೋಗೋ ಇಡೀ ಶಾಫ್ಟ್ ಮೇಲಿದೆ. ಯಾವುದನ್ನ ನಂಬೋದು?

ಉತ್ತರ 1: ಚಿತ್ರವನ್ನೇ ನಂಬಿ. ಫ್ರೆಂಚ್ ಮೆಕ್ಯಾನಿಕ್‌ಗಳು ಇಡೀ ಶಾಫ್ಟಿಗೇ ಹಾಗನ್ನುತ್ತಾರೆ, ಡ್ರೈವ್‌ಶಾಫ್ಟ್ ಅಂತ ಬರೆಯಿರಿ. 'ಕೂಪ್ಲ್' ಕೂಡ ಹಾಗೇ ಕಾಡುತ್ತೆ: ಬೋಲ್ಟ್ ಬಿಗಿಸೋ ಕಡೆ ಟಾರ್ಕ್ (ತಿರುಗಿಸೋ ಬಲ), 'ಕೂಪ್ಲ್ ಕೋನಿಕ್' ಅಂತ ಬಂದರೆ ಡಿಫರೆನ್ಷಿಯಲ್‌ನ ಕ್ರೌನ್ ವೀಲ್ ಮತ್ತು ಪಿನಿಯನ್ ಅನ್ನೋ ಗೇರ್ ಜೋಡಿ.

ಉತ್ತರ 2: ಪದಕ್ಕಿಂತ ಅಳತೆ ಜಾಸ್ತಿ ಅಪಾಯ. ಹಳೇ ಫ್ರೆಂಚ್ ಪುಸ್ತಕಗಳಲ್ಲಿ ಟಾರ್ಕ್ ಡೆಕಾನ್ಯೂಟನ್ ಮೀಟರಲ್ಲಿರುತ್ತೆ, ಅಲ್ಲಿ 8 ಅಂದರೆ 80 ನ್ಯೂಟನ್ ಮೀಟರ್. ಘಟಕ ಬದಲಿಸಿ ಅಂಕಿ ಹಾಗೇ ಬಿಟ್ಟರೆ ಸಿಲಿಂಡರ್ ಹೆಡ್ ಬೋಲ್ಟು ಸಡಿಲ, ಗ್ಯಾಸ್ಕೆಟ್ ಗೋವಿಂದ! 'ಸಿವಿ'ಯನ್ನೂ ಸುಮ್ನೆ ಹಾರ್ಸ್‌ಪವರ್ ಅನ್ನಬೇಡಿ. ಕಾರಿನ ಹೆಸರಲ್ಲಿ ಬಂದರೆ ಅದು ಫ್ರಾನ್ಸಲ್ಲಿ ಕಾರಿನ ತೆರಿಗೆಗೆ ಹಾಕೋ ಲೆಕ್ಕ, ಇಂಜಿನ್ನಿನ ನಿಜವಾದ ಶಕ್ತಿಯಲ್ಲ. 1948ರ ಸಿಟ್ರೊಯೆನ್ 2ಸಿವಿ ಇಂಜಿನ್ನಿಗೆ ನಿಜವಾಗಿ ಇದ್ದದ್ದು 9 ಹಾರ್ಸ್‌ಪವರ್.

ಉತ್ತರ 3: ಓದೋರು ಬ್ರಿಟಿಷರೋ ಅಮೆರಿಕನ್ನರೋ ಅಂತ ಮೊದಲೇ ಕೇಳಿಕೊಳ್ಳಿ. ಒಂದೇ ಪುಟದಲ್ಲಿ ಬ್ರಿಟಿಷರ ಬಾನೆಟ್ಟೂ ಅದಕ್ಕೇ ಅಮೆರಿಕನ್ನರು ಅನ್ನೋ ಹುಡ್ಡೂ ಬಂದರೆ ಓದೋಕೆ ಹಿಂಸೆ ಅಲ್ವಾ?