ಸ್ಕೈಕೊಮಿಶ್ ನದಿಯಲ್ಲಿ ಸ್ಟೀಲ್‌ಹೆಡ್: ಯಾವ ಮೀನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬೇಕು?

ತುಂಗಾತೀರ, ಬಾಥೆಲ್ (ವಾಷಿಂಗ್ಟನ್)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಚಿಕ್ಕವನಿದ್ದಾಗ ಬಿದಿರಿನ ಕೋಲು, ನೈಲಾನ್ ದಾರ, ತೆಂಗಿನ ಚಿಪ್ಪಿನಲ್ಲಿ ಎರೆಹುಳು ಹಿಡಿದು ಹಳ್ಳದ ಗುಂಡಿಗಳಲ್ಲಿ ಗಾಳ ಹಾಕುತ್ತಿದ್ದೆವು. ಲೈಸೆನ್ಸ್ ಅನ್ನೋ ಮಾತೇ ಇರಲಿಲ್ಲ. ಇದ್ದದ್ದು ಒಂದೇ ಕಟ್ಟಳೆ: ಶೃಂಗೇರಿಯ ಮಠದ ಹತ್ತಿರದ ಮೀನು ದೇವರ ಮೀನು, ಅದನ್ನು ಯಾರೂ ಮುಟ್ಟಬಾರದು.

ಈಗ ಸಿಯಾಟಲ್ ಹತ್ತಿರ ಇದ್ದೇನೆ. ಮನೆಯಿಂದ ಸ್ವಲ್ಪ ದೂರದಲ್ಲೇ ಸ್ಕೈಕೊಮಿಶ್ ನದಿ. ಈ ಚಳಿಗಾಲ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ನದಿಗೆ ವಾಪಸ್ ಬರುವ ರೇನ್‌ಬೋ ಟ್ರೌಟ್ ಮೀನು) ಹಿಡಿಯಲು ಹೋಗಬೇಕು ಅಂತ ಆಸೆ. ಆದರೆ ನಿಯಮದ ಪುಸ್ತಕ ತೆಗೆದರೆ ತಲೆ ಬಿಸಿಯಾಗುತ್ತದೆ. ಒಂದೇ ನದಿಯನ್ನು ಸೇತುವೆಯಿಂದ ಸೇತುವೆಗೆ ತುಂಡು ಮಾಡಿದ್ದಾರೆ. ಒಂದೊಂದು ತುಂಡಿಗೂ ಬೇರೆ ತಾರೀಕು, ಬೇರೆ ಗಾಳ, ಬೇರೆ ಲೆಕ್ಕ. ನನ್ನ ಪ್ರಶ್ನೆ ಇಷ್ಟು. ಇಬ್ಬರಿಗೂ ಲೈಸೆನ್ಸ್ ಬೇಕಾ? ಸಿಕ್ಕ ಮೀನನ್ನು ಮನೆಗೆ ತಂದು ಸಾರು ಮಾಡಬಹುದಾ? ಬಿಡಬೇಕಾದ ಮೀನು ಅಂತ ಗೊತ್ತಾಗುವುದು ಹೇಗೆ? ಮಗಳ ಜೊತೆ ಒಂದು ಫೋಟೋ ತೆಗೆದುಕೊಂಡು ಆಮೇಲೆ ಬಿಟ್ಟರೆ ತಪ್ಪಾ?

ಮನ್ರೋ ವಾಸಿ

ನಮಸ್ಕಾರ. ನಾನು ನದಿಯ ಪಕ್ಕದ ಊರಿನಲ್ಲೇ ಇರುವವನು. ಹಲವು ಚಳಿಗಾಲ ಈ ನೀರಿನಲ್ಲಿ ನಿಂತಿದ್ದೇನೆ. ನಿಮ್ಮ ಪ್ರಶ್ನೆಗಳಲ್ಲಿ ಮೂರನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಮೀನಿನ ಬೆನ್ನು ನೋಡಿ. ಬೆನ್ನಿನ ನಡುವೆ ದೊಡ್ಡ ರೆಕ್ಕೆ ಇರುತ್ತದೆ. ಅದಕ್ಕೂ ಬಾಲಕ್ಕೂ ನಡುವೆ ಮೂಳೆ ಇಲ್ಲದ ಒಂದು ಪುಟ್ಟ ಮಾಂಸದ ರೆಕ್ಕೆ ಇರುತ್ತದೆ. ಅಡಿಪೋಸ್ ಫಿನ್ ಅಂತಾರೆ. ಹ್ಯಾಚರಿಯಲ್ಲಿ, ಅಂದರೆ ಮೀನುಮರಿ ಸಾಕುವ ಕೇಂದ್ರದಲ್ಲಿ, ಬೆಳೆಸಿದ ಮರಿಗಳನ್ನು ನದಿಗೆ ಬಿಡುವ ಮುಂಚೆ ಈ ರೆಕ್ಕೆ ಕತ್ತರಿಸುತ್ತಾರೆ. ಆ ಜಾಗದಲ್ಲಿ ಒಣಗಿ ಮಾಯ್ದ ಗುರುತು ಕಾಣಿಸಿದರೆ ಅದು ಹ್ಯಾಚರಿ ಮೀನು. ಸೀಸನ್ ತೆರೆದಿದ್ದರೆ, ನಿಮ್ಮ ದಿನದ ಮಿತಿಯೊಳಗೆ ಇದ್ದರೆ, ಅದನ್ನು ಮನೆಗೆ ತರಬಹುದು. ರೆಕ್ಕೆ ಹಾಗೇ ಇದ್ದರೆ ಅದು ಕಾಡು ಮೀನು, ಇದೇ ನದಿಯ ಜಲ್ಲಿಯಲ್ಲಿ ಹುಟ್ಟಿದ್ದು. ಸ್ಕೈಕೊಮಿಶ್‌ನಲ್ಲಿ ಅದನ್ನು ಬಿಡಲೇಬೇಕು. ಸಿಯಾಟಲ್ ಪಕ್ಕದ ಸಮುದ್ರದ ಒಳಚಾಚು ಪ್ಯೂಜೆಟ್ ಸೌಂಡ್‌ಗೆ ಸೇರುವ ನದಿಗಳ ಸ್ಟೀಲ್‌ಹೆಡ್ 2007ರಿಂದ ಅಳಿವಿನ ಭೀತಿಯ ಕಾನೂನಿನ ರಕ್ಷಣೆಯಲ್ಲಿದೆ. 1969ರಿಂದ ಇದೇ ಮೀನು ವಾಷಿಂಗ್ಟನ್‌ನ ರಾಜ್ಯ ಮೀನು ಕೂಡ. ಹಾಗಿದ್ದೂ ಇಂಥ ಸ್ಥಿತಿ ಅಂದರೆ ಹೊಟ್ಟೆ ಉರಿಯುತ್ತದೆ.

ಫೋಟೋ ವಿಚಾರ. ಬಿಡಬೇಕಾದ ಸ್ಟೀಲ್‌ಹೆಡ್ಡನ್ನು ನೀರಿನಿಂದ ಪೂರ್ತಿ ಹೊರಗೆ ಎತ್ತುವುದೇ ಇಲ್ಲಿ ಕಾನೂನಿಗೆ ವಿರುದ್ಧ. ಎದೆಗೆ ಅಪ್ಪಿಕೊಂಡು ನಗುವ ಚಿತ್ರ ಬೇಡ. ಮೀನು ನೀರಿನಲ್ಲೇ ಇರಲಿ, ಕೈ ಒದ್ದೆ ಇರಲಿ, ಮಗಳು ಪಕ್ಕದಲ್ಲಿ ಕೂರಲಿ. ಮೇಲಿನಿಂದ ಒಂದು ಚಿತ್ರ ತೆಗೆದರೆ ಸಾಕು. ಬೆನ್ನಿನ ಚುಕ್ಕೆಗಳು ನೀರಿನೊಳಗೇ ಚೆನ್ನಾಗಿ ಕಾಣಿಸುತ್ತವೆ. ಕಿವಿರಿಗೆ ಬೆರಳು ಹಾಕಲೇಬೇಡಿ. ತಲೆಯನ್ನು ನೀರು ಹರಿದು ಬರುವ ಕಡೆ ಮಾಡಿ ಹಿಡಿದರೆ ಅದೇ ಚೇತರಿಸಿಕೊಂಡು, ಬಾಲ ಬೀಸಿ ಹೋಗುತ್ತದೆ.

ಸ್ಟೀಲ್‌ಹೆಡ್ ಒಂದೇ ಅಲ್ಲ, ಬುಲ್ ಟ್ರೌಟ್ ಕೂಡ ಇಲ್ಲಿ ಇದೆ. ಅದಕ್ಕೆ ಕಪ್ಪು ಚುಕ್ಕೆ ಇಲ್ಲ. ಗಾಢ ಮೈಮೇಲೆ ತಿಳಿ ಚುಕ್ಕೆ. ಅದೂ ರಕ್ಷಣೆಯಲ್ಲಿರುವ ಮೀನು. ಸಾಮನ್ ಜೊತೆ ಗೊಂದಲವಾದರೆ ಬಾಯಿ ನೋಡಿ. ಸ್ಟೀಲ್‌ಹೆಡ್‌ನ ಬಾಯಿ, ಒಸಡು ಎರಡೂ ಬಿಳಿ. ಚಿನೂಕ್ ಸಾಮನ್‌ನ ಒಸಡು ಕಪ್ಪು. ಯಾವ ಮೀನು ಅಂತ ಖಾತ್ರಿ ಇಲ್ಲದಿದ್ದರೆ ಬಿಟ್ಟುಬಿಡಿ. ಅದಕ್ಕೆ ಯಾರೂ ದಂಡ ಹಾಕುವುದಿಲ್ಲ.

ಇನ್ನು ಲೈಸೆನ್ಸ್. 15 ವರ್ಷ ತುಂಬಿದವರಿಗೆಲ್ಲ ಬೇಕು. ನಿಮಗೆ ಸಿಹಿನೀರಿನ ಲೈಸೆನ್ಸ್. ಮಗಳಿಗೆ ಲೈಸೆನ್ಸ್ ಬೇಡ, ಆದರೆ ಸ್ಟೀಲ್‌ಹೆಡ್‌ಗೆ ಕ್ಯಾಚ್ ರೆಕಾರ್ಡ್ ಕಾರ್ಡ್ (ಇಟ್ಟುಕೊಂಡ ಮೀನಿನ ಲೆಕ್ಕ ಬರೆಯುವ ಕಾರ್ಡ್) ಅವಳಿಗೂ ಬೇಕು. ಇದನ್ನು ತುಂಬಾ ಅಪ್ಪಂದಿರು ಮರೆಯುತ್ತಾರೆ. ಲೈಸೆನ್ಸ್ ವರ್ಷ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 31ಕ್ಕೆ ಮುಗಿಯುತ್ತದೆ. ರಾಜ್ಯದಲ್ಲಿ ಕನಿಷ್ಠ 90 ದಿನ ನೆಲೆಸಿದ್ದು, ಮುಂದೆಯೂ ಇರುವವರಾದರೆ ಸ್ಥಳೀಯರ ದರ. ಮೀನು ಇಟ್ಟುಕೊಂಡರೆ ದಡದಲ್ಲೇ, ಆಗಲೇ ದಾಖಲಿಸಬೇಕು. ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ನಡೆಯುವುದಿಲ್ಲ. ಏನೂ ಸಿಗದಿದ್ದರೂ ಏಪ್ರಿಲ್ 30ರೊಳಗೆ ವರದಿ ಒಪ್ಪಿಸಬೇಕು. ವಾರ್ಷಿಕ ಲೈಸೆನ್ಸ್ ಜೊತೆ ಕಾರಿಗೆ ಒಂದು ಪಾಸ್ ಬರುತ್ತದೆ. ಅದು ಮೀನುಗಾರಿಕೆ ಇಲಾಖೆಯ ಜಾಗಗಳಿಗೆ ಸಾಕು. ಸ್ಟೇಟ್ ಪಾರ್ಕ್‌ಗಳಿಗೆ ಡಿಸ್ಕವರ್ ಪಾಸ್ ಬೇರೆ ಬೇಕು.

ನದಿಯನ್ನು ತುಂಡು ಮಾಡಿದ್ದು ಯಾಕೆ ಅಂತ ನಿಮಗೆ ಅನಿಸಿದೆ, ಅಲ್ವಾ? ಗೋಲ್ಡ್ ಬಾರ್ ಊರಿನಿಂದ ಮೇಲೆ ರೈಟರ್ ಪಾಂಡ್ಸ್ ಎಂಬ ಹ್ಯಾಚರಿ ಇದೆ. ಅಲ್ಲಿಂದ ಬಿಟ್ಟ ಮರಿಗಳು ಸಮುದ್ರಕ್ಕೆ ಹೋಗಿ, ಬೆಳೆದು, ಅಲ್ಲಿಗೇ ವಾಪಸ್ ಬರುತ್ತವೆ. ಅದಕ್ಕೇ ಆ ತುಂಡಿಗೆ ಬೇರೆ ಲೆಕ್ಕ. ಡಿಸೆಂಬರ್, ಜನವರಿಯಲ್ಲಿ ಬರುವುದು ಹೆಚ್ಚಾಗಿ ಈ ಹ್ಯಾಚರಿ ಮೀನು. ಫೆಬ್ರವರಿಯಿಂದ ಕಾಡು ಮೀನು ಜಾಸ್ತಿ. ಅದಕ್ಕೇ ಬಾಗಿಲು ಬೇಗ ಮುಚ್ಚುತ್ತಾರೆ. ತಾರೀಕು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಸೀಸನ್ ನಡುವೆಯೂ ತುರ್ತು ಆದೇಶ ಬರುತ್ತದೆ. ಮುದ್ರಿತ ಪುಸ್ತಕ ನಂಬಿ ಹೊರಡಬೇಡಿ. ಹೊರಡುವ ದಿನ ಬೆಳಿಗ್ಗೆ ಇಲಾಖೆಯ ಆ್ಯಪ್ ತೆರೆದು ನೋಡಿ.

ಬೋಜ್‌ಮನ್‌ನಿಂದ

ನಾನು ಮೊಂಟಾನಾದಲ್ಲಿ ಓದುತ್ತಿದ್ದೇನೆ. ಇಲ್ಲಿ ಸ್ಟೀಲ್‌ಹೆಡ್ ಇಲ್ಲ. ಗ್ಯಾಲಟಿನ್, ಮ್ಯಾಡಿಸನ್ ನದಿಗಳ ರೇನ್‌ಬೋ ಮತ್ತು ಬ್ರೌನ್ ಟ್ರೌಟ್ ನಮ್ಮದು. ಸ್ಟೀಲ್‌ಹೆಡ್ ಅಂದರೂ ಅದೇ ರೇನ್‌ಬೋ ಜಾತಿ, ಸಮುದ್ರ ನೋಡಿ ಬಂದದ್ದು.

ಬೇಸಿಗೆಯಲ್ಲಿ ಈ ಕಡೆ ಬರುವವರಿಗೆ ಒಂದು ಮಾತು. ಟ್ರೌಟ್‌ಗೆ ತಣ್ಣೀರು ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ದಾರದ ತುದಿಯಲ್ಲಿ ಒದ್ದಾಡಿದ ಮೀನು ಈಜಿಕೊಂಡು ಹೋದರೂ ಆಮೇಲೆ ಸಾಯಬಹುದು. ಅದಕ್ಕೇ ಇಲ್ಲಿ ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಹೂಟ್ ಔಲ್ ನಿರ್ಬಂಧ ತರುತ್ತಾರೆ. ಮಧ್ಯಾಹ್ನ 2ರಿಂದ ಮಧ್ಯರಾತ್ರಿವರೆಗೆ ಗಾಳ ಹಾಕುವಂತಿಲ್ಲ. ನಾನಂತೂ ನಿರ್ಬಂಧ ಬರುವವರೆಗೂ ಕಾಯುವುದಿಲ್ಲ. ಜೇಬಿನಲ್ಲಿ ಥರ್ಮಾಮೀಟರ್ ಇರುತ್ತದೆ, 68 ದಾಟಿದರೆ ಕೋಲು ಮಡಚಿ ಮನೆಗೆ.

ಇನ್ನೊಂದು, ಒಂದು ನದಿಯ ಬೂಟನ್ನು ಹಾಗೇ ಇನ್ನೊಂದು ನದಿಗೆ ಇಳಿಸಬೇಡಿ. ಮ್ಯಾಡಿಸನ್‌ನಲ್ಲಿ 1990ರ ದಶಕದಲ್ಲಿ ವರ್ಲಿಂಗ್ ರೋಗ ಬಂದು ರೇನ್‌ಬೋ ಮರಿಗಳು ರಾಶಿ ರಾಶಿ ಸತ್ತವು. ಕೆಸರು ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಇಳಿಯಿರಿ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ಬೆನ್ನಿನ ರೆಕ್ಕೆ ವಿಚಾರ ಈಗ ಸ್ಪಷ್ಟವಾಯಿತು. ಆದರೂ ಒಂದು ಅನುಮಾನ. ಹ್ಯಾಚರಿಯದ್ದೂ ಸ್ಟೀಲ್‌ಹೆಡ್, ಕಾಡಿನದ್ದೂ ಸ್ಟೀಲ್‌ಹೆಡ್. ಒಂದನ್ನು ಕೊಂದು ಒಂದನ್ನು ಬಿಟ್ಟರೆ ನದಿಗೆ ಏನು ಲಾಭ? ಮತ್ತೆ, ಕೆಳಗಡೆ ಸ್ನೊಹೊಮಿಶ್ ನದಿಯಲ್ಲಿ ಮೂಲ ನಿವಾಸಿಗಳು ಬಲೆ ಹಾಕುತ್ತಾರೆ, ನಮಗೆ ಮಾತ್ರ ಯಾಕೆ ಇಷ್ಟು ಕಟ್ಟುಪಾಡು ಅಂತ ಅಂಗಡಿಯಲ್ಲಿ ಒಬ್ಬರು ಗೊಣಗುತ್ತಿದ್ದರು. ಅದು ನಿಜವಾ?

ಭೀಮೇಶ್ವರಿಯ ಹಳಬ, ಬೆಂಗಳೂರು

ಮೊದಲ ಪ್ರಶ್ನೆಗೆ ನಾನು ಇಲ್ಲಿಂದಲೇ ಉತ್ತರ ಕೊಡಬಲ್ಲೆ. ನಮ್ಮ ಕಾವೇರಿಯಲ್ಲೇ ಇದು ನಡೆದಿದೆ.

ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕ್ಯಾಂಪ್‌ಗಳಿಗೆ ಮಶೀರ್ ಹಿಡಿಯಲು ದೇಶ ವಿದೇಶದ ಜನ ಬರುತ್ತಿದ್ದರು. ಹಿಡಿದು ಬಿಡುವುದು ಮಾತ್ರ. ಕಾವೇರಿಯ ನಿಜವಾದ ಒಡೆಯ ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ ಮಶೀರ್. ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ, ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. ನದಿಯಲ್ಲಿ ಮೀನು ಹೆಚ್ಚಿಸಬೇಕು ಎಂಬ ಒಳ್ಳೆಯ ಉದ್ದೇಶದಿಂದಲೇ ಲೋಣಾವಳದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಶೀರ್ ಮರಿಗಳನ್ನು ಇಲ್ಲಿಗೆ ತಂದು ಬಿಟ್ಟರು. ಅದು ಬೇರೆ ಜಾತಿ. ಅದು ಹೆಚ್ಚಿತು, ನಮ್ಮದು ಕರಗುತ್ತಾ ಹೋಯಿತು. ಒಟ್ಟು ಮೀನಿನ ಸಂಖ್ಯೆ ಚೆನ್ನಾಗಿಯೇ ಕಾಣುತ್ತಿದ್ದರಿಂದ ಇದು ಬೇಗ ಯಾರ ಗಮನಕ್ಕೂ ಬರಲಿಲ್ಲ. ಗಾಲಿಬೋರೆಯಲ್ಲಿ ಗಾಳದವರು 1998ರಿಂದ 2012ರವರೆಗೆ ಹಿಡಿದ ಮೀನಿನ ಲೆಕ್ಕ ಉಳಿದಿತ್ತು. ಅದನ್ನು ಕೂಡಿ ನೋಡಿದಾಗ ಬಿದ್ದ ಪೆಟ್ಟು ಗೊತ್ತಾಯಿತು. ಗೂನು ಬೆನ್ನಿನ ಮಶೀರ್‌ಗೆ ಖಚಿತ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿನಲ್ಲಿತ್ತು.

ನಿಮ್ಮಲ್ಲಿ ಮರಿಗಳಿಗೆ ಗುರುತು ಮಾಡಿ ಬಿಡುತ್ತಾರೆ. ಯಾವುದು ಮನುಷ್ಯ ಬೆಳೆಸಿದ್ದು, ಯಾವುದು ನದಿಯದ್ದು ಅಂತ ದಡದಲ್ಲೇ ಹೇಳಬಹುದು. ಆ ಕಾರ್ಡ್ ತುಂಬುವುದು ಬೇಜಾರಿನ ಕೆಲಸ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಮ್ಮ ನದಿಯ ಕಥೆ ಹೊರಬಂದದ್ದೇ ಅಂಥ ಲೆಕ್ಕದಿಂದ.

ಮನ್ರೋ ವಾಸಿ

ಹಳಬರೇ, ಇದನ್ನು ಬರೆದದ್ದಕ್ಕೆ ತುಂಬಾ ಧನ್ಯವಾದ. ಇಲ್ಲಿ ಎರಡೂ ಒಂದೇ ಜಾತಿ, ಆದರೆ ತೊಂದರೆ ಅದೇ ತರಹದ್ದು. ತೊಟ್ಟಿಯಲ್ಲಿ ಕೈ ತಿಂಡಿ ತಿಂದು ಬೆಳೆದ ಮೀನಿನ ಮರಿ ನದಿಯಲ್ಲಿ ಬದುಕುವುದು ಕಷ್ಟ. ಅದು ಕಾಡು ಮೀನಿನ ಜೊತೆ ಕೂಡಿದರೆ ಆ ದುರ್ಬಲತೆ ಮುಂದಿನ ಪೀಳಿಗೆಗೂ ಹೋಗುತ್ತದೆ. ಆದ್ದರಿಂದ ಹ್ಯಾಚರಿ ಮೀನು ಸಿಕ್ಕರೆ ಸಂತೋಷವಾಗಿ ಮನೆಗೆ ತನ್ನಿ, ತುಂಗಾತೀರ ಅವರೇ. ಸಾರು ಮಾಡಿ, ತವಾ ಫ್ರೈ ಮಾಡಿ. ಅದನ್ನು ಬೆಳೆಸಿದ್ದೇ ಅದಕ್ಕೆ.

ಬಲೆಯ ವಿಚಾರ ಅಂಗಡಿಯಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬನ್ನಿ. 1855ರ ಪಾಯಿಂಟ್ ಎಲಿಯಟ್ ಒಪ್ಪಂದದಲ್ಲಿ ಇಲ್ಲಿನ ಬುಡಕಟ್ಟುಗಳು ತಮ್ಮ ನೆಲ ಕೊಟ್ಟರು, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅದನ್ನು ಎತ್ತಿ ಹಿಡಿದು, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದ್ದು ಎಂದರು. 1979ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. ಇಲಾಖೆ ಮತ್ತು ಬುಡಕಟ್ಟುಗಳು ಸೇರಿಯೇ ಈ ಮೀನನ್ನು ನೋಡಿಕೊಳ್ಳುತ್ತಾರೆ. ಅವರು ನಮ್ಮ ಪಾಲು ಕಿತ್ತುಕೊಂಡಿಲ್ಲ. ಅವರ ಪಾಲು ಅವರದ್ದು.

ಈಗ ಸಾಮಾನು. ನಿಮಗೆ ಬೆಂಡು ಗೊತ್ತಿದೆಯಲ್ಲ, ಅಲ್ಲಿಂದಲೇ ಶುರು ಮಾಡಿ. ಒಂಬತ್ತು ಅಡಿಯ ಕೋಲು, ಜಾರುವ ಬೆಂಡು, ಸೀಸದ ಗುಂಡು, ಗುಲಾಬಿ ಬಣ್ಣದ ಜಿಗ್ (ತೂಕದ ತಲೆಯಿರುವ ಅಲಂಕಾರದ ಗಾಳ). ಜಿಗ್ ತಳದಿಂದ ಒಂದಡಿ ಮೇಲೆ ತೇಲುವಂತೆ ಬೆಂಡು ಹೊಂದಿಸಿ. ಹರಿವು ಎಷ್ಟು ವೇಗವೋ ಅಷ್ಟೇ ವೇಗದಲ್ಲಿ ಬೆಂಡು ಸಾಗಬೇಕು. ದಾರ ಎಳೆದು ಹಿಡಿದರೆ ಕೆಲಸ ಕೆಟ್ಟಿತು. ಗಾಳದ ಮುಳ್ಳನ್ನು ಪ್ಲೈಯರ್‌ನಿಂದ ಒತ್ತಿ ಚಪ್ಪಟೆ ಮಾಡಿ. ಆ ತುಂಡಿನಲ್ಲಿ ಕಡ್ಡಾಯವಿರಲಿ, ಇಲ್ಲದಿರಲಿ, ನಾನು ಯಾವಾಗಲೂ ಮಾಡುತ್ತೇನೆ. ಸೆಲೆಕ್ಟಿವ್ ಗೇರ್ ಎಂದು ಬರೆದ ಕಡೆ ಎರೆ ಹಾಕುವಂತಿಲ್ಲ, ಮೀನು ಹಿಡಿದುಕೊಳ್ಳುವ ಕೈಬಲೆಯಲ್ಲಿ ಗಂಟು ಇರಬಾರದು. ದಾರ ತೀರಾ ತೆಳ್ಳಗಿದ್ದರೆ ಮೀನನ್ನು ಸುಮ್ನೆ ದಣಿಸುತ್ತೀರಿ. 12 ಪೌಂಡ್ ತಡೆಯುವ ಲೀಡರ್ (ಗಾಳಕ್ಕೆ ಕಟ್ಟುವ ತುದಿಯ ದಾರ) ಇಟ್ಟು ಬೇಗ ದಡಕ್ಕೆ ತನ್ನಿ.

ರೈಟರ್‌ನಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಮಗು ಜೊತೆ ಅಲ್ಲಿ ಬೇಡ. ಸುಲ್ತಾನ್ ಊರಿನಿಂದ ಕೆಳಗೆ ಅಗಲವಾದ ಜಲ್ಲಿ ದಂಡೆಗಳಿವೆ, ಅದು ವಾಸಿ. ಜಲ್ಲಿಯಲ್ಲಿ ತೊಳೆದಂತೆ ಬೆಳ್ಳಗೆ ಕಾಣುವ ತಟ್ಟೆಯಾಕಾರದ ಜಾಗ ಇದ್ದರೆ ಅದರ ಮೇಲೆ ಕಾಲಿಡಬೇಡಿ. ಕೆಳಗೆ ಸಾಮನ್ ಮೊಟ್ಟೆಗಳಿರುತ್ತವೆ.

ನೀರಿನ ಮಟ್ಟಕ್ಕೆ ಗೋಲ್ಡ್ ಬಾರ್ ಮಾಪಕ ನೋಡಿ. ಕೆಆರ್‌ಎಸ್ ಸುದ್ದಿಯಲ್ಲಿ ಕೇಳುವ ಅದೇ ಕ್ಯೂಸೆಕ್ ಲೆಕ್ಕ. ನನಗೆ 2,000ದಿಂದ 4,000 ನಡುವೆ, ಇಳಿಮುಖವಾಗಿ, ಹಸಿರು ಬಣ್ಣದಲ್ಲಿದ್ದರೆ ಇಷ್ಟ. ಏರುತ್ತಿದ್ದರೆ ಹೋಗಲೇಬೇಡಿ. ಬೆಟ್ಟದ ಮೇಲೆ ಬೆಚ್ಚಗಿನ ಮಳೆ ಬಿದ್ದರೆ ಹಿಮ ಕರಗಿ ಈ ನದಿ ಕೆಲವೇ ಗಂಟೆಗಳಲ್ಲಿ ಉಕ್ಕುತ್ತದೆ.

ಮಗಳಿಗೆ ಮೊದಲ ಮೀನಿನ ಖುಷಿ ಬೇಕಾದರೆ ಏಪ್ರಿಲ್ ನಾಲ್ಕನೇ ಶನಿವಾರ ಕೆರೆಗಳ ಟ್ರೌಟ್ ಸೀಸನ್ ತೆರೆಯುತ್ತದೆ. ಸ್ಟೀಲ್‌ಹೆಡ್‌ಗೆ ದೊಡ್ಡವರೇ ದಿನಗಟ್ಟಲೆ ಕಾಯಬೇಕು. ಆದರೂ ನದಿ ತೋರಿಸಲು ಕರೆದುಕೊಂಡು ಬನ್ನಿ. ಲೈಫ್ ಜಾಕೆಟ್ ಹಾಕಿ ದಡದಲ್ಲೇ ನಿಲ್ಲಿಸಿ. ಡಿಸೆಂಬರ್‌ನಲ್ಲಿ ನದಿ ತೆರೆದಿದೆ ಅಂತ ಖಚಿತವಾದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ. ಬೆಂಡು, ಜಿಗ್ ನನ್ನ ಹತ್ತಿರ ಬೇಕಾದಷ್ಟಿವೆ, ತರುತ್ತೇನೆ. ಲೈಸೆನ್ಸ್, ಇಬ್ಬರ ಕಾರ್ಡ್, ಒಂದು ಪೆನ್ನು ನೀವು ತನ್ನಿ.